ಗರ್ಭಕೋಶದ ಒಳಪದರ ಸುಡಿಸಿಕೊಂಡ ಮೇಲೆ ಕ್ಯಾನ್ಸರ್ ಭಯ: ಏನು ನೋಡಬೇಕು, ಏನು ಕೇಳಬೇಕು

ಆ ಕಲೆ ಬೆರಳ ತುದಿಯಷ್ಟೂ ಇರಲಿಲ್ಲ. ಕೆಂಪೂ ಅಲ್ಲ, ಕಂದು. ಅಂಚಿನಲ್ಲಿ ಒಣಗಿ ಸ್ವಲ್ಪ ಗಟ್ಟಿಯಾಗಿತ್ತು. ನನಗೆ ಆಗ 53 ವರ್ಷ. 44ನೇ ವಯಸ್ಸಿನಲ್ಲಿ ವಿಪರೀತ ರಕ್ತಸ್ರಾವಕ್ಕೆ ಅಂತ ಗರ್ಭಕೋಶದ ಒಳಪದರ ಸುಡಿಸಿಕೊಂಡಿದ್ದೆ. ಅದಾದ ಮೇಲೆ ಒಂದು ತಿಂಗಳೂ ಮುಟ್ಟಾಗಿರಲಿಲ್ಲ. ಹಾಗಾಗಿ ಕಲೆ ನೋಡಿದಾಗ ನನಗೆ ಹೊಳೆದದ್ದು ಒಂದೇ. "ಪದರವೇ ಇಲ್ಲ, ರಕ್ತ ಎಲ್ಲಿಂದ ಬರುತ್ತೆ? ಮೂಲವ್ಯಾಧಿಯದ್ದೋ ಏನೋ ಇರಬೇಕು." ಹೀಗೆ ಅಂದುಕೊಂಡು ಆರು ವಾರ ಸುಮ್ನೆ ಇದ್ದೆ.

ಆ ಆರು ವಾರ ಸುಮ್ನೆ ಇರಬಾರದಿತ್ತು. ಕೊನೆಗೆ ತಂಗಿ ಬೈದು ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿಂದ ಶುರುವಾದ ಓಡಾಟದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಹೇಳುವುದಕ್ಕೆ ಇದು ಬದಲಿಯೂ ಅಲ್ಲ. ಆದರೆ ಅವರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅಂತ ಗೊತ್ತಿದ್ದರೆ ಎಷ್ಟೋ ತಿಂಗಳು ಉಳಿಯುತ್ತದೆ. ನನಗೆ ಅದು ಗೊತ್ತಿರಲಿಲ್ಲ.

ನಿಮಗೆ ಆಗಿದ್ದು ಯಾವ ಆಪರೇಷನ್?

ಇದೇನು ಪ್ರಶ್ನೆ ಅನ್ನಿಸಬಹುದು. ಆದರೆ ಎಲ್ಲ ಗೊಂದಲವೂ ಶುರುವಾಗುವುದು ಇಲ್ಲಿಂದಲೇ. "ಗರ್ಭಕೋಶದ ಆಪರೇಷನ್ ಆಗಿದೆ" ಅಂತ ನಾವು ಮೂರು ಬೇರೆ ಬೇರೆ ವಿಷಯಕ್ಕೆ ಹೇಳುತ್ತೇವೆ. "ಕ್ಲೀನ್ ಮಾಡಿಸಿದ್ದು" ಅಂದರೆ ಸಾಮಾನ್ಯವಾಗಿ ಡಿ ಅಂಡ್ ಸಿ. ಅದರಲ್ಲಿ ಒಳಪದರವನ್ನು ಕೆರೆದು ತೆಗೆಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. "ಗರ್ಭಕೋಶ ತೆಗೆಸಿದ್ದು" ಅಂದರೆ ಹಿಸ್ಟರೆಕ್ಟಮಿ. ಗರ್ಭಕೋಶವೇ ಹೋಯಿತು, ಅದರ ಜೊತೆ ಒಳಪದರವೂ ಹೋಯಿತು. ಮೂರನೆಯದು ಅಬ್ಲೇಷನ್. ಗರ್ಭಕೋಶ ಅಲ್ಲೇ ಇರುತ್ತದೆ, ಒಳಪದರವನ್ನು ಮಾತ್ರ ಬಿಸಿಯಿಂದಲೋ ವಿದ್ಯುತ್ತಿನಿಂದಲೋ ಅತಿ ತಂಪಿನಿಂದಲೋ ನಾಶ ಮಾಡುತ್ತಾರೆ. ಇಲ್ಲಿ ಬರೆಯುತ್ತಿರುವುದೆಲ್ಲ ಈ ಮೂರನೆಯದರ ಬಗ್ಗೆ.

ಗೊತ್ತಿಲ್ಲದಿದ್ದರೆ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಅದರಲ್ಲಿ "ಎಂಡೋಮೆಟ್ರಿಯಲ್ ಅಬ್ಲೇಷನ್" ಅಂತಲೋ "ರಿಸೆಕ್ಷನ್" ಅಂತಲೋ ಬರೆದಿರುತ್ತದೆ. ಬಲೂನ್, ರೇಡಿಯೋ ಫ್ರೀಕ್ವೆನ್ಸಿ, ರೋಲರ್‌ಬಾಲ್, ಮೈಕ್ರೋವೇವ್, ಕ್ರಯೋ ಅಂತ ವಿಧಾನದ ಹೆಸರೂ ಇರಬಹುದು. ಕಾಗದ ಕಳೆದುಹೋಗಿದ್ದರೆ ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ ಪ್ರತಿ ಕೇಳಿ. ಹಳೆಯ ಕಡತಗಳನ್ನು ಇಷ್ಟು ವರ್ಷ ಅಂತ ಇಟ್ಟು ಆಮೇಲೆ ತೆಗೆದುಬಿಡುತ್ತಾರೆ, ಹಾಗಾಗಿ ಈ ಕೆಲಸ ಮುಂದೂಡಬೇಡಿ.

ವಿಧಾನ ತಿಳಿದುಕೊಳ್ಳುವುದಕ್ಕೂ ಒಂದು ಕಾರಣ ಇದೆ. ರಿಸೆಕ್ಷನ್‌ನಲ್ಲಿ ಕ್ಯಾಮೆರಾ ಹಾಕಿ ಪದರವನ್ನು ಚೂರು ಚೂರಾಗಿ ಹೆರೆದು ತೆಗೆಯುತ್ತಾರೆ. ಆ ಚೂರುಗಳು ಲ್ಯಾಬಿಗೆ ಹೋಗುತ್ತವೆ, ಅಂದರೆ ನಿಮ್ಮ ಪದರದಲ್ಲಿ ಆಗ ಏನಿತ್ತು ಅನ್ನುವುದಕ್ಕೆ ಒಂದು ರಿಪೋರ್ಟ್ ಇರುತ್ತದೆ. ಸುಡುವ ವಿಧಾನದಲ್ಲಿ ಹಾಗಲ್ಲ. ನನಗೆ ಮಾಡಿದ್ದು ಬಲೂನ್. ಗರ್ಭಕೋಶದೊಳಗೆ ಒಂದು ಪುಟ್ಟ ಬಲೂನ್ ಇಟ್ಟು, ಅದರೊಳಗಿನ ದ್ರವವನ್ನು ಸುಮಾರು 87 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 8 ನಿಮಿಷ ಬಿಟ್ಟರು. ರೇಡಿಯೋ ಫ್ರೀಕ್ವೆನ್ಸಿಯಲ್ಲಾದರೆ ಸುಡುವ ಕೆಲಸ ಎರಡು ನಿಮಿಷದೊಳಗೆ ಮುಗಿಯುತ್ತದೆ. ಇಂಥ ವಿಧಾನಗಳಲ್ಲಿ ಪದರ ಅಲ್ಲೇ ಸುಟ್ಟು ಹೋಗುತ್ತದೆ, ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಅದಕ್ಕೇ ಅಬ್ಲೇಷನ್‌ಗೆ ಮುಂಚೆ ಒಳಪದರದ ಬಯಾಪ್ಸಿ, ಅಂದರೆ ಚೂರು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ, ಆಗಲೇಬೇಕು ಅನ್ನುವುದು. ಆ ಬಯಾಪ್ಸಿ ರಿಪೋರ್ಟ್ ನಿಮ್ಮ ಹತ್ತಿರ ಇದೆಯಾ ನೋಡಿ. ನಿಮ್ಮ ಪದರ ಹೇಗಿತ್ತು ಅನ್ನುವುದಕ್ಕೆ ಕೊನೆಯ ಸಾಕ್ಷಿ ಅದೇ.

ಸುಟ್ಟ ಮೇಲೂ ಏನು ಉಳಿದಿರುತ್ತದೆ

ಒಳಪದರಕ್ಕೆ ಎರಡು ಭಾಗ ಇದೆ. ಮೇಲಿನದು ಪ್ರತಿ ತಿಂಗಳು ಬೆಳೆದು ಉದುರುತ್ತದೆ. ಕೆಳಗಿನದು ಬೇರಿನ ಹಾಗೆ. ಅದರ ಗ್ರಂಥಿಗಳು ಗರ್ಭಕೋಶದ ಮಾಂಸಖಂಡದ ಒಳಕ್ಕೆ ಅಲ್ಲಲ್ಲಿ ಇಳಿದಿರುತ್ತವೆ, ಮತ್ತು ಹೊಸ ಪದರ ಬೆಳೆಯುವುದು ಅಲ್ಲಿಂದಲೇ. ಅಬ್ಲೇಷನ್‌ನಲ್ಲಿ ಈ ಬೇರಿನ ತನಕ ಸುಡಬೇಕು ಅನ್ನುವುದೇ ಉದ್ದೇಶ. ಆದರೆ ಗರ್ಭಕೋಶದ ಒಳಭಾಗ ಸಪಾಟಾದ ಪೆಟ್ಟಿಗೆಯಲ್ಲ. ಮೇಲ್ಗಡೆ ಎರಡೂ ಮೂಲೆಯಲ್ಲಿ, ಗರ್ಭನಾಳಗಳು ಬಂದು ಸೇರುವ ಕಡೆ, ಬಿಸಿ ಸರಿಯಾಗಿ ತಲುಪುವುದು ಕಷ್ಟ. ಹಾಗಾಗಿ ಬಹಳ ಜನರಲ್ಲಿ ಪದರದ ಸಣ್ಣ ಸಣ್ಣ ತುಣುಕುಗಳು ಉಳಿದುಬಿಡುತ್ತವೆ, ಮುಟ್ಟು ಪೂರ್ತಿ ನಿಂತವರಲ್ಲೂ.

ಸುಟ್ಟ ಜಾಗ ಮಾಯುವಾಗ ಗಾಯದ ಅಂಗಾಂಶ ಬೆಳೆಯುತ್ತದೆ, ಒಳಗಿನ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗರ್ಭಕೋಶದ ಬಾಯಿ ಒಳಗಡೆ ಕಿರಿದಾಗಬಹುದು, ಕೆಲವರಲ್ಲಿ ಮುಚ್ಚಿಯೇ ಹೋಗಬಹುದು. ಆ ಉಳಿದ ತುಣುಕು ಇಂಥ ಗಾಯದ ಗೋಡೆಯ ಹಿಂದೆ ಸಿಕ್ಕಿಕೊಂಡಿದ್ದರೆ? ಕ್ಯಾನ್ಸರ್ ವಿಷಯದಲ್ಲಿ ಯೋಚಿಸಬೇಕಾದ ಜಾಗ ಇದು. ಈ ಭಯಕ್ಕೆ ಎರಡು ಮುಖ ಇದೆ, ಎರಡನ್ನೂ ಬೇರೆ ಬೇರೆ ನೋಡಬೇಕು.

ಒಂದು, ಅಬ್ಲೇಷನ್ ಮಾಡಿಸಿಕೊಂಡರೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚಾಗುತ್ತಾ? ಇಲ್ಲ. ಇದುವರೆಗೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. ಫಿನ್‌ಲೆಂಡಿನಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡ 5,000ಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ ನೋಡಿದಾಗಲೂ ಬೇರೆಯವರಿಗಿಂತ ಅವರಲ್ಲಿ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ ಇರಲಿಲ್ಲ. ಸುಟ್ಟಿದ್ದರಿಂದ ಕ್ಯಾನ್ಸರ್ ಹುಟ್ಟುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ನನಗೂ ಹಾಗೆ ಹೆದರಿಸಿದವರಿದ್ದರು, ಒಂದು ವಾರ ನಿದ್ದೆ ಬರಲಿಲ್ಲ.

ಎರಡು, ಅಬ್ಲೇಷನ್ ಆದ ಮೇಲೆ ಕ್ಯಾನ್ಸರ್ ಬರುವುದೇ ಇಲ್ಲವಾ? ಹಾಗೂ ಅಲ್ಲ. ತುಣುಕು ಉಳಿದಿದ್ದರೆ ಅದರಲ್ಲಿ ಬರಬಹುದು. ಅಂಥ ಪ್ರಕರಣಗಳು ಅಪರೂಪ, ಆದರೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಚಿಕಿತ್ಸೆಯಾಗಿ ಕೆಲವೇ ತಿಂಗಳಲ್ಲಿ ಪತ್ತೆಯಾದದ್ದೂ ಇದೆ, ಎಷ್ಟೋ ವರ್ಷದ ನಂತರ ಪತ್ತೆಯಾದದ್ದೂ ಇದೆ. ಅಮೆರಿಕದಂಥ ದೇಶಗಳಲ್ಲಿ 100 ಹೆಂಗಸರಲ್ಲಿ ಸುಮಾರು 3 ಜನಕ್ಕೆ ಜೀವಮಾನದಲ್ಲಿ ಯಾವಾಗಲಾದರೂ ಗರ್ಭಕೋಶದ ಕ್ಯಾನ್ಸರ್ ಬರುತ್ತದೆ. ಪತ್ತೆಯಾಗುವ ಸರಾಸರಿ ವಯಸ್ಸು 60ರ ಆಸುಪಾಸು. ಅಬ್ಲೇಷನ್ ಮಾಡಿಸಿಕೊಳ್ಳುವವರು ಬಹುಪಾಲು 40ರ ಆಸುಪಾಸಿನವರು. ಅಂದರೆ ಹುಷಾರಾಗಿರಬೇಕಾದ ಕಾಲ ಬರುವ ಹೊತ್ತಿಗೆ ನಾವು ಆ ಆಪರೇಷನ್ನನ್ನೇ ಮರೆತಿರುತ್ತೇವೆ, ಅಲ್ವಾ?

ಯಾವ ಲಕ್ಷಣಕ್ಕೆ ಹೋಗಬೇಕು

ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಗ್ಗೆ ಒಂದು ಸಮಾಧಾನದ ಮಾತು ಇದೆ. ಅದು ಬೇಗ ಸುಳಿವು ಕೊಡುತ್ತದೆ. ಮುಟ್ಟು ನಿಂತ ವಯಸ್ಸಿನಲ್ಲಿ ಈ ಕ್ಯಾನ್ಸರ್ ಬಂದವರಲ್ಲಿ 10ಕ್ಕೆ 9 ಜನಕ್ಕೆ ರಕ್ತ ಕಾಣಿಸಿಕೊಂಡಿರುತ್ತದೆ. ಗರ್ಭಕೋಶ ದಾಟುವ ಮುಂಚೆ ಸಿಕ್ಕರೆ ಬಹಳ ಜನ ಪೂರ್ತಿ ಗುಣವಾಗುತ್ತಾರೆ. ಅಬ್ಲೇಷನ್ ಆದವರಲ್ಲೂ ವರದಿಯಾದ ಪ್ರಕರಣಗಳಲ್ಲಿ ಹೆಚ್ಚಿನವರಿಗೆ ರಕ್ತವೇ ಮೊದಲ ಲಕ್ಷಣ. ಗಾಯದಿಂದ ದಾರಿ ಮುಚ್ಚಿದ್ದರೆ ರಕ್ತ ಹೊರಗೆ ಬರದೆ ಹೋಗಬಹುದು ಅನ್ನುವ ಆತಂಕ ಇದೆ, ಅದು ನಿಜ. ಆದರೂ ಹೆಚ್ಚಿನವರಲ್ಲಿ ಬಂದೇ ಬರುತ್ತದೆ.

ಹಾಗಂತ ಅಬ್ಲೇಷನ್ ಆದ ಮೇಲೆ ಕಂಡ ಪ್ರತಿ ಹನಿಗೂ ಗಾಬರಿ ಬೇಡ. ಎಲ್ಲರಿಗೂ ಮುಟ್ಟು ಪೂರ್ತಿ ನಿಲ್ಲುವುದಿಲ್ಲ. ಸುಮಾರು ಅರ್ಧದಷ್ಟು ಜನಕ್ಕೆ ಸ್ವಲ್ಪ ಸ್ವಲ್ಪ ಮುಟ್ಟು ಮುಂದುವರಿಯುತ್ತದೆ. ಚಿಕಿತ್ಸೆಯಾದ ಮೊದಲ ಕೆಲವು ವಾರ ನೀರಿನಂಥ, ತಿಳಿಗೆಂಪು ಸ್ರಾವವೂ ಸಹಜ. ನಿಮಗೆ ಮೊದಲಿಂದ ತಿಂಗಳಿಗೆ ಎರಡು ದಿನ ಅಷ್ಟಿಷ್ಟು ಕಾಣುತ್ತಿದ್ದು, ವಯಸ್ಸು 45 ಆಗಿದ್ದು, ಈಗಲೂ ಅದೇ ಲೆಕ್ಕದಲ್ಲಿ ಆಗುತ್ತಿದ್ದರೆ ಅದು ನಿಮ್ಮ ಮುಟ್ಟು, ಅಷ್ಟೇ.

ನೋಡಬೇಕಾದದ್ದು ಬದಲಾವಣೆಯನ್ನು. ತಿಂಗಳುಗಟ್ಟಲೆ ಏನೂ ಇಲ್ಲದೆ ಆಮೇಲೆ ಕಂಡ ರಕ್ತ, ಅದು ಒಂದು ಹನಿಯೇ ಇರಲಿ, ಕಂದು ಬಣ್ಣದ್ದೇ ಇರಲಿ. ಮುಟ್ಟಿನ ಮಧ್ಯೆ ಬರುವ ರಕ್ತ. ಕಡಿಮೆಯಾಗಿದ್ದದ್ದು ಮತ್ತೆ ಜಾಸ್ತಿಯಾಗುತ್ತಾ ಹೋಗುವುದು. ನಿಲ್ಲದ ನೀರಿನಂಥ ಅಥವಾ ವಾಸನೆಯ ಸ್ರಾವ. ಇವಕ್ಕೆ ಎರಡು ವಾರಕ್ಕಿಂತ ಜಾಸ್ತಿ ಕಾಯಬೇಡಿ. ವಯಸ್ಸು 50 ದಾಟಿದ್ದರೆ ಎರಡು ವಾರವೂ ಬೇಡ, ಕಂಡ ದಿನವೇ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ.

ರಕ್ತ ಕಾಣದೆ ಬರೀ ನೋವು ಬಂದರೆ ಅದಕ್ಕೂ ಹೋಗಬೇಕು. ತಿಂಗಳಿಗೊಮ್ಮೆ ಲೆಕ್ಕ ಇಟ್ಟ ಹಾಗೆ ಕಿಬ್ಬೊಟ್ಟೆಯಲ್ಲಿ ಹಿಂಡುವ ನೋವು ಬರುತ್ತಿದ್ದರೆ, ಉಳಿದ ಪದರದಿಂದ ಬಂದ ರಕ್ತ ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಸೇರಿಕೊಳ್ಳುತ್ತಿರಬಹುದು. ಇದು ಹೆಚ್ಚಾಗಿ ಕ್ಯಾನ್ಸರ್ ಅಲ್ಲ. ಆದರೆ ಒಳಗೆ ಪದರ ಜೀವಂತವಾಗಿದೆ, ಬಾಗಿಲು ಮುಚ್ಚಿದೆ ಅನ್ನುವುದಕ್ಕೆ ಅದೇ ಸುಳಿವು. ಸಂತಾನ ನಿಲ್ಲಿಸುವ ಆಪರೇಷನ್ ಆದವರಲ್ಲಿ ಈ ನೋವು ಒಂದು ಪಕ್ಕದಲ್ಲೋ ಎರಡೂ ಪಕ್ಕದಲ್ಲೋ ಬರಬಹುದು, ಯಾಕಂದರೆ ಆಪರೇಷನ್‌ನಲ್ಲಿ ಕಟ್ಟಿಹಾಕಿದ ಗರ್ಭನಾಳದ ಕಡೆಗೆ ಆ ರಕ್ತ ನುಗ್ಗುತ್ತದೆ.

ಇನ್ನೊಂದು ತೊಂದರೆ ಇದೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಬಂದರೆ ಅಪಾಯ ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮ ಮುಟ್ಟು ನಿಂತದ್ದು ಯಾವಾಗ? ಬೇರೆಯವರು 12 ತಿಂಗಳು ಮುಟ್ಟಾಗದಿದ್ದರೆ ನಿಂತಿತು ಅಂತ ಲೆಕ್ಕ ಹಾಕುತ್ತಾರೆ. ನಮಗೆ 44ಕ್ಕೇ ಸುಟ್ಟು ನಿಲ್ಲಿಸಿದ್ದಾರೆ, ಅಂಡಾಶಯಗಳು ಮಾತ್ರ ತಮ್ಮ ಪಾಡಿಗೆ ಇನ್ನೂ ಕೆಲಸ ಮಾಡುತ್ತಿರುತ್ತವೆ. ಅವು ಯಾವಾಗ ನಿಂತವು ಅಂತ ಹೇಳಲು ನಮ್ಮ ಹತ್ತಿರ ಲೆಕ್ಕ ಇಲ್ಲ. ಮೈ ಇದ್ದಕ್ಕಿದ್ದ ಹಾಗೆ ಬಿಸಿಯಾಗುವುದು, ರಾತ್ರಿ ಬೆವರುವುದು, ಒಣಗಿದ ಹಾಗೆ ಅನ್ನಿಸುವುದು ಶುರುವಾದ ತಿಂಗಳನ್ನು ಬರೆದಿಟ್ಟುಕೊಳ್ಳಿ. ಡಾಕ್ಟರ್ ಬೇಕು ಅಂದರೆ ರಕ್ತದಲ್ಲಿ ಹಾರ್ಮೋನ್ ಮಟ್ಟ ನೋಡಿಸುತ್ತಾರೆ. ಹೆಚ್ಚಿನವರಿಗೆ 45ರಿಂದ 55ರ ನಡುವೆ ನಿಲ್ಲುತ್ತದೆ, ಹಾಗಾಗಿ 55 ದಾಟಿದ ಮೇಲೆ ಕಂಡ ಯಾವ ರಕ್ತವನ್ನೂ "ಮುಟ್ಟು ಇರಬಹುದು" ಅಂತ ಬಿಡಲೇಬೇಡಿ.

ಡಾಕ್ಟರ್ ಹತ್ತಿರ ಹೋದಾಗ

ಬಾಯಿಂದ ಮೊದಲು ಬರಬೇಕಾದ ಮಾತು ಇದು: "ನನಗೆ ಇಂಥ ವರ್ಷ ಅಬ್ಲೇಷನ್ ಆಗಿದೆ, ಈಗ ರಕ್ತ ಕಾಣಿಸಿದೆ." ಬರೀ "ಬಿಳಿಸ್ರಾವದ ತೊಂದರೆ" ಅನ್ನಬೇಡಿ, ನಾಚಿಕೊಂಡು ಸುತ್ತಿ ಬಳಸಿ ಹೇಳಬೇಡಿ. ಸ್ಕ್ಯಾನ್ ಮಾಡುವವರಿಗೂ ಇದನ್ನೇ ಹೇಳಿ. ನಾನು ಹೇಳಲಿಲ್ಲ. ಚೀಟಿಯಲ್ಲೂ ಬರೆದಿರಲಿಲ್ಲ. ರಿಪೋರ್ಟ್ ಬಂತು: ಒಳಪದರ 3 ಮಿ.ಮೀ., ಸಹಜ. ತಂಗಿಯೂ ನಾನೂ ನಿಟ್ಟುಸಿರು ಬಿಟ್ಟೆವು.

ಆ ರಿಪೋರ್ಟ್ ನೋಡಿ ಎರಡನೇ ಡಾಕ್ಟರ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಈ ಅಳತೆ ನಿಮಗೆ ಲೆಕ್ಕಕ್ಕೆ ಬರಲ್ಲಮ್ಮ." ಸ್ಕ್ಯಾನಿನ ಚಿತ್ರದಲ್ಲಿ ಬೆರಳಿಟ್ಟು ತೋರಿಸಿದರು. ಸಾಮಾನ್ಯವಾಗಿ ಒಳಪದರ ಗರ್ಭಕೋಶದ ನಡುವೆ ಒಂದು ನೇರ ಬಿಳಿ ಗೆರೆಯ ಹಾಗೆ ಕಾಣುತ್ತದಂತೆ. ನನ್ನದರಲ್ಲಿ ಆ ಗೆರೆ ಅರ್ಧ ದಾರಿಯಲ್ಲೇ ಮಸುಕಾಗಿ, ಕಡಿದುಹೋಗಿ, ಎಡಗಡೆಯ ಮೂಲೆಯಲ್ಲಿ ಮತ್ತೆ ಸ್ವಲ್ಪ ಕಾಣುತ್ತಿತ್ತು. ಅಳೆದದ್ದು ಕಂಡ ಭಾಗವನ್ನು ಮಾತ್ರ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಮುಟ್ಟು ನಿಂತ ಮೇಲೆ ರಕ್ತ ಬಂದವರಿಗೆ ಯೋನಿಯ ಒಳಗಿಂದ ಮಾಡುವ ಸ್ಕ್ಯಾನ್‌ನಲ್ಲಿ ಪದರ 4 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ 100ಕ್ಕೆ 1ಕ್ಕಿಂತ ಕಡಿಮೆ. ಒಳ್ಳೆಯ ನಿಯಮ, ಎಷ್ಟೋ ಜನಕ್ಕೆ ಬಯಾಪ್ಸಿ ತಪ್ಪಿಸಿದೆ. ಆದರೆ ಆ ನಿಯಮ ಪದರ ಮೊದಲಿನ ಹಾಗೇ ಇರುವವರಿಗೆ. ಸುಟ್ಟ ಗರ್ಭಕೋಶದಲ್ಲಿ ಪದರ ಒಂದೇ ಸಮ ಇರುವುದಿಲ್ಲ, ಗಾಯದ ಅಂಗಾಂಶವೇ ದಪ್ಪ ಪದರದ ಹಾಗೆ ಕಂಡು ಸುಮ್ನೆ ಹೆದರಿಸಬಹುದು, ಇಲ್ಲವೇ ಮೂಲೆಯ ತುಣುಕು ಕಾಣದೆ ಹೋಗಿ ಸುಳ್ಳು ಧೈರ್ಯ ಕೊಡಬಹುದು. ಅದಲ್ಲದೆ ಪದರ ತೆಳುವಾಗಿರುವಾಗಲೇ ಬೆಳೆಯುವ ಕ್ಯಾನ್ಸರ್ ಕೂಡ ಇದೆ, ಅಪರೂಪ ಆದರೂ ಜೋರಿನದು. ಆದ್ದರಿಂದ ರಕ್ತ ಬಂದಿದ್ದರೆ "ಸ್ಕ್ಯಾನ್ ನಾರ್ಮಲ್" ಅನ್ನುವ ಒಂದೇ ಮಾತಿಗೆ ಎದ್ದು ಬರಬೇಡಿ. "ಅಬ್ಲೇಷನ್ ಆದವರಿಗೂ ಈ ಅಳತೆ ನಂಬಬಹುದಾ? ಬಯಾಪ್ಸಿ ಬೇಕಾ?" ಅಂತ ನೇರವಾಗಿ ಕೇಳಿ.

ಬಯಾಪ್ಸಿ ಅಂದರೆ ಸಾಮಾನ್ಯವಾಗಿ ಸುಮಾರು 3 ಮಿ.ಮೀ. ದಪ್ಪದ ಮೆತ್ತಗಿನ ಪ್ಲಾಸ್ಟಿಕ್ ಕೊಳವೆಯನ್ನು ಗರ್ಭಕೋಶದ ಬಾಯಿಯ ಮೂಲಕ ಒಳಗೆ ಹಾಕಿ, ಅದರೊಳಗಿನ ಕಡ್ಡಿ ಹಿಂದಕ್ಕೆಳೆದು ಸ್ವಲ್ಪ ಅಂಗಾಂಶ ಹೀರಿಕೊಳ್ಳುವುದು. ಹೊರರೋಗಿಯಾಗಿಯೇ ಮಾಡುತ್ತಾರೆ. ಬಿಗಿಯಾದ ಮುಟ್ಟಿನ ನೋವಿನ ಹಾಗೆ ಒಂದೆರಡು ನಿಮಿಷ ನೋಯುತ್ತದೆ. ನೋವಿನ ಮಾತ್ರೆ ಮುಂಚೆಯೇ ತೆಗೆದುಕೊಳ್ಳಬಹುದಾ ಕೇಳಿ. ನನಗೆ ಆ ಕೊಳವೆ ಒಳಗೆ ಹೋಗಲೇ ಇಲ್ಲ. ಬಾಯಿ ಒಳಗಡೆ ಮುಚ್ಚಿತ್ತು. ಮೂರು ಸಲ ಪ್ರಯತ್ನಿಸಿ ಬಿಟ್ಟರು. ನಾನು ಅಳುತ್ತಾ ಹೊರಗೆ ಬಂದೆ, ನೋವಿಗಿಂತ "ಈಗೇನು?" ಅನ್ನುವ ಚಿಂತೆಗೆ.

ಇಂಥ ಹೊತ್ತಲ್ಲಿ ಸಿಗುವ ರಿಪೋರ್ಟನ್ನು ಸರಿಯಾಗಿ ಓದಬೇಕು. "ಸ್ಯಾಂಪಲ್ ಸಾಲದು" ಅಂತ ಲ್ಯಾಬ್ ಬರೆದರೆ ಅದರ ಅರ್ಥ ಏನೂ ಇಲ್ಲ ಅಂತಲ್ಲ. ಏನೂ ಗೊತ್ತಾಗಲಿಲ್ಲ ಅಂತ. ಇವೆರಡಕ್ಕೂ ಬಹಳ ವ್ಯತ್ಯಾಸ ಇದೆ. ಮುಂದಿನ ಹೆಜ್ಜೆ ಏನು ಅಂತ ಅಲ್ಲೇ ಕೇಳಿ. ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು, ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ನೋಡಿಕೊಂಡೇ ಬಾಯಿಯನ್ನು ನಿಧಾನಕ್ಕೆ ಹಿಗ್ಗಿಸಿ, ತೆಳು ಕ್ಯಾಮೆರಾ ಹಾಕಿ ಕಂಡ ಜಾಗದಿಂದ ಚೂರು ತೆಗೆಯುತ್ತಾರೆ. ಅದೇ ಹಿಸ್ಟರೋಸ್ಕೋಪಿ. ಇಂಥ ಗಾಯ ತುಂಬಿದ ಗರ್ಭಕೋಶದಲ್ಲಿ ಗೋಡೆ ತೂತಾಗುವ ಅಪಾಯ ಸ್ವಲ್ಪ ಜಾಸ್ತಿ, ಹಾಗಾಗಿ ಇದನ್ನು ಮಾಡಿ ಅಭ್ಯಾಸ ಇರುವವರ ಹತ್ತಿರ ಮಾಡಿಸಿಕೊಳ್ಳಿ. "ಅಬ್ಲೇಷನ್ ಆದವರಿಗೆ ಮಾಡಿದ್ದೀರಾ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಕೆಲವರಿಗೆ ಎಂಆರ್‌ಐ ಹೇಳುತ್ತಾರೆ. ಅದು ಮೂಲೆಯಲ್ಲಿ ಏನಿದೆ ಅಂತ ತೋರಿಸುತ್ತದೆ, ಆದರೆ ಅಂಗಾಂಶದ ಬದಲಿಗೆ ಬರುವುದಿಲ್ಲ. ಯಾವ ದಾರಿಯಿಂದಲೂ ಚೂರು ಸಿಗದೆ, ರಕ್ತ ಮಾತ್ರ ಬರುತ್ತಲೇ ಇದ್ದರೆ ಗರ್ಭಕೋಶ ತೆಗೆಯುವ ಮಾತು ಬರುತ್ತದೆ. ಆ ಮಾತು ಬಂದ ಮಾತ್ರಕ್ಕೆ ಕ್ಯಾನ್ಸರ್ ಇದೆ ಅಂತ ಅಲ್ಲ. ಗೊತ್ತಿಲ್ಲದೆ ಬಿಡುವುದು ಸರಿಯಲ್ಲ ಅಂತ ಹಾಗೆ ಹೇಳುತ್ತಾರೆ. ಕ್ಯಾನ್ಸರ್ ಇಲ್ಲದೆಯೂ ಅಬ್ಲೇಷನ್ ಆದ ಐವರಲ್ಲಿ ಒಬ್ಬರಷ್ಟು ಜನ ನೋವಿಗೋ ರಕ್ತಸ್ರಾವಕ್ಕೋ ಮುಂದೆ ಗರ್ಭಕೋಶ ತೆಗೆಸಿಕೊಳ್ಳುತ್ತಾರೆ.

ಮುಟ್ಟು ನಿಂತ ಮೇಲೆ ರಕ್ತ ಬಂದ ಹೆಂಗಸರಲ್ಲಿ ಒಟ್ಟಾರೆ 10ರಲ್ಲಿ 9 ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ಕಾಯುವ ದಿನಗಳಲ್ಲಿ ಈ ಲೆಕ್ಕ ನನಗೆ ಬಹಳ ಆಸರೆಯಾಯಿತು.

ಪ್ಯಾಪ್ ಸ್ಮಿಯರ್ ಬಗ್ಗೆ ಒಂದು ಮಾತು. ಅದು ಗರ್ಭಕೋಶದ ಬಾಯಿಯ ಪರೀಕ್ಷೆ, ಒಳಪದರದ್ದಲ್ಲ. ಪ್ಯಾಪ್ ಚೆನ್ನಾಗಿದೆ ಅಂದರೆ ಒಳಗೂ ಚೆನ್ನಾಗಿದೆ ಅಂತಲ್ಲ. ಹಾಗೇ, ಅಬ್ಲೇಷನ್ ಆಗಿದೆ ಅಂತ ಪ್ಯಾಪ್ ನಿಲ್ಲಿಸುವ ಹಾಗೂ ಇಲ್ಲ, ಬಾಯಿ ಇದ್ದೇ ಇದೆಯಲ್ಲ.

ಏನೂ ಲಕ್ಷಣ ಇಲ್ಲದವರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಬೇಕಾ? ಸಾಮಾನ್ಯ ಅಪಾಯ ಇರುವವರಿಗೆ ಬೇಡ. ಮೇಲೆ ಹೇಳಿದ ಕಾರಣಕ್ಕೇ ಅದು ಉಪಯೋಗಕ್ಕಿಂತ ಗೊಂದಲ ಜಾಸ್ತಿ ಮಾಡುತ್ತದೆ.

ಹಾರ್ಮೋನ್ ಮಾತ್ರೆ ಬರೆದುಕೊಟ್ಟರೆ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಮೈ ಬಿಸಿ, ಬೆವರು, ನಿದ್ದೆಗೇಡು ತಾಳಲಾರದೆ ಹೋದಾಗ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಕೊಡುತ್ತಾರೆ. ಮಾತ್ರೆ, ಪ್ಯಾಚ್, ಜೆಲ್ ಯಾವ ರೂಪದಲ್ಲಾದರೂ ಇರಬಹುದು. ಗರ್ಭಕೋಶ ತೆಗೆಸಿದವರಿಗೆ ಬರೀ ಈಸ್ಟ್ರೋಜನ್ ಸಾಕು. ಗರ್ಭಕೋಶ ಇರುವವರಿಗೆ ಜೊತೆಗೆ ಪದರ ಅತಿಯಾಗಿ ಬೆಳೆಯದಂತೆ ತಡೆಯುವ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟೋಜನ್, ಕೊಡಲೇಬೇಕು. ಈಸ್ಟ್ರೋಜನ್ ಒಂದೇ ಕೊಟ್ಟರೆ ಪದರ ಬೆಳೆಯುತ್ತಲೇ ಹೋಗಿ ಕ್ಯಾನ್ಸರ್ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಇದು ಜಗತ್ತಿಗೆ ಗೊತ್ತಾದದ್ದು 1975ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನಗಳಿಂದ, ಆಮೇಲೆಯೇ ಎರಡನ್ನೂ ಸೇರಿಸಿ ಕೊಡುವ ಪದ್ಧತಿ ಗಟ್ಟಿಯಾಯಿತು.

ಹಾಗಾದರೆ ನಾವು ಯಾವ ಗುಂಪು? ಮುಟ್ಟಿಲ್ಲ, "ಒಳಪದರ ಇಲ್ಲ" ಅಂತ ನಾವೇ ಹೇಳಿಬಿಟ್ಟರೆ, ಎದುರಿನವರು ಗರ್ಭಕೋಶ ತೆಗೆಸಿದ್ದಾರೆ ಅಂದುಕೊಂಡು ಬರೀ ಈಸ್ಟ್ರೋಜನ್ ಬರೆದುಬಿಡಬಹುದು. ನಾವು ಗರ್ಭಕೋಶ ಇರುವವರ ಗುಂಪು. ಉಳಿದ ತುಣುಕಿಗೆ ಈಸ್ಟ್ರೋಜನ್ ಒಂದೇ ಸಿಕ್ಕರೆ ಅದೂ ಬೆಳೆಯುತ್ತದೆ, ಮತ್ತು ನಮ್ಮಲ್ಲಿ ಅದು ಸುಲಭಕ್ಕೆ ಕಣ್ಣಿಗೆ ಬೀಳುವುದೂ ಇಲ್ಲ. ಚೀಟಿ ಕೈಗೆ ಬಂದ ಕೂಡಲೇ ಕೇಳಿ: "ಇದರಲ್ಲಿ ಪ್ರೊಜೆಸ್ಟೋಜನ್ ಇದೆಯಾ?" ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮಿನ ಲೆಕ್ಕ ಬೇರೆ, ಅದಕ್ಕೆ ಸಾಮಾನ್ಯವಾಗಿ ಜೊತೆ ಬೇಕಾಗುವುದಿಲ್ಲ. ಆದರೂ ಅಬ್ಲೇಷನ್ ಆಗಿದೆ ಅಂತ ಹೇಳಿಯೇ ಬರೆಸಿಕೊಳ್ಳಿ.

ಯಾರು ಇನ್ನೂ ಜಾಸ್ತಿ ಹುಷಾರಾಗಿರಬೇಕು

ಮೈತೂಕ ಬಹಳ ಜಾಸ್ತಿ ಇರುವವರು, ಯಾಕಂದರೆ ಮುಟ್ಟು ನಿಂತ ಮೇಲೂ ಕೊಬ್ಬಿನ ಅಂಗಾಂಶ ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ. ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ, ಇದ್ದು ವರ್ಷಗಟ್ಟಲೆ ಮುಟ್ಟು ಏರುಪೇರಾದವರು. ಸಕ್ಕರೆ ಕಾಯಿಲೆ ಇರುವವರು. ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು. ಇವರೆಲ್ಲ ರಕ್ತ ಕಂಡರೆ ಒಂದು ದಿನವೂ ಕಾಯಬಾರದು.

ಇವರಿಗಿಂತಲೂ ಬೇರೆಯಾಗಿ ನಿಲ್ಲುವವರು ಲಿಂಚ್ ಸಿಂಡ್ರೋಮ್ ಇರುವ ಕುಟುಂಬದವರು. ಇದು ವಂಶದಲ್ಲಿ ಬರುವ ಜೀನ್ ತೊಂದರೆ. ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಗರ್ಭಕೋಶದ ಕ್ಯಾನ್ಸರ್ ಒಂದೇ ಮನೆಯಲ್ಲಿ, ಅದರಲ್ಲೂ 50 ತುಂಬುವ ಮುಂಚೆಯೇ ಕಾಣಿಸಿಕೊಳ್ಳುತ್ತಿದ್ದರೆ ಇದರ ಅನುಮಾನ ಬರಬೇಕು. ನಿಮ್ಮಮ್ಮ, ಅಕ್ಕತಂಗಿಯರು, ಚಿಕ್ಕಮ್ಮ, ಸೋದರಮಾವ, ಅಜ್ಜಿ, ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕ್ಯಾನ್ಸರ್ ಬಂದಿತ್ತು ಅಂತ ಕೇಳಿ ಬರೆದುಕೊಳ್ಳಿ. "ಹೊಟ್ಟೆ ಗಡ್ಡೆಯಾಗಿ ಹೋದರು" ಅನ್ನುವಷ್ಟಕ್ಕೇ ಬಿಡಬೇಡಿ, ಕೆದಕಿ ಕೇಳಿ. ಲಿಂಚ್ ಇರುವವರಿಗೆ ಸಾಮಾನ್ಯವಾಗಿ 30ರಿಂದ 35ರ ವಯಸ್ಸಿನಿಂದಲೇ ಆಗಾಗ ಒಳಪದರದ ಬಯಾಪ್ಸಿ ಮಾಡುತ್ತಾರೆ, ಮಕ್ಕಳಾಗುವುದು ಮುಗಿದ ಮೇಲೆ ಗರ್ಭಕೋಶ ತೆಗೆಯುವ ಮಾತಾಡುತ್ತಾರೆ. ಅಬ್ಲೇಷನ್ ಇವರಿಗೆ ರಕ್ಷಣೆಯಲ್ಲ. ಪದರ ಪೂರ್ತಿ ಹೋಗುವುದಿಲ್ಲ, ಬಯಾಪ್ಸಿಯ ದಾರಿ ಮಾತ್ರ ಮುಚ್ಚುತ್ತದೆ. ಈಗಾಗಲೇ ಮಾಡಿಸಿಕೊಂಡಿದ್ದು ಆಮೇಲೆ ಲಿಂಚ್ ಗೊತ್ತಾದವರು ಕ್ಯಾನ್ಸರ್ ತಜ್ಞರನ್ನು ನೋಡಲೇಬೇಕು.

ಇನ್ನೂ ಮಾಡಿಸಿಕೊಂಡಿಲ್ಲ, ಯೋಚಿಸುತ್ತಿದ್ದೀರಿ ಅಂದರೆ

ನಾನು ಅಬ್ಲೇಷನ್ ವಿರೋಧಿ ಅಲ್ಲ. ಆ ರಕ್ತಸ್ರಾವ ಹಾಗೇ ಮುಂದುವರಿದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಮತ್ತೆ ಅದೇ ಸ್ಥಿತಿ ಬಂದರೆ ಮತ್ತೆ ಮಾಡಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಈ ಸಲ ಮುಂಚೆಯೇ ಕೆಲವು ಪ್ರಶ್ನೆ ಕೇಳುತ್ತಿದ್ದೆ.

ಬಯಾಪ್ಸಿ ಆಗಿದೆಯಾ, ಅದರಲ್ಲಿ ಏನು ಬಂತು? ಒಳಪದರ ಅತಿಯಾಗಿ ಬೆಳೆದಿದೆ, ಅಂದರೆ ಹೈಪರ್‌ಪ್ಲೇಸಿಯಾ ಅಂತ ಬಂದಿದ್ದರೆ ಅಬ್ಲೇಷನ್ ಮಾಡಬಾರದು. ಅದು ಕ್ಯಾನ್ಸರಿಗೆ ಮುಂಚಿನ ಹಂತ ಆಗಿರಬಹುದು, ಸುಟ್ಟರೆ ಮೇಲೆ ಮುಚ್ಚಿದ ಹಾಗೆ ಆಗುತ್ತದೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಬಿಡುವ ಸಾಧನ, ಮಿರೇನಾ ಅಂತ ಸಿಗುತ್ತದಲ್ಲ, ಅದನ್ನು ನನಗೆ ಯಾಕೆ ಮೊದಲು ಹಾಕಬಾರದು? ಅದು ರಕ್ತಸ್ರಾವ ಬಹಳ ಕಡಿಮೆ ಮಾಡುತ್ತದೆ, ಪದರವನ್ನು ತೆಳುವಾಗಿಡುತ್ತದೆ, ಬೇಡ ಅಂದರೆ ತೆಗೆಯಬಹುದು, ಮುಂದೆ ಬಯಾಪ್ಸಿಗೂ ದಾರಿ ತೆರೆದೇ ಇರುತ್ತದೆ. ಮೇಲೆ ಹೇಳಿದ ತೂಕ, ಪಿಸಿಓಎಸ್, ಸಕ್ಕರೆ ಕಾಯಿಲೆಯವರು ಈ ಪ್ರಶ್ನೆಯನ್ನು ತಪ್ಪದೆ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಇನ್ನೂ ಮಕ್ಕಳು ಬೇಕು ಅನ್ನುವವರಿಗೆ ಅಬ್ಲೇಷನ್ ಅಲ್ಲವೇ ಅಲ್ಲ. ಮಾಡಿಸಿಕೊಂಡ ಮೇಲೂ ಮುಟ್ಟು ನಿಲ್ಲುವ ವಯಸ್ಸಿನ ತನಕ ಗರ್ಭನಿರೋಧಕ ಬೇಕು, ಯಾಕಂದರೆ ಬಸುರಾದರೆ ತಾಯಿಗೂ ಮಗುವಿಗೂ ಅಪಾಯ.

ನನ್ನ ಕಥೆ ಹೇಳಿ ಮುಗಿಸುತ್ತೇನೆ. ಹಿಸ್ಟರೋಸ್ಕೋಪಿಗೆ ಅರಿವಳಿಕೆ ಕೊಟ್ಟು, ಸ್ಕ್ಯಾನ್ ನೋಡಿಕೊಂಡು, ಗಾಯದ ಪರದೆಯನ್ನು ಬಿಡಿಸಿ ಎಡಗಡೆಯ ಮೂಲೆಗೆ ಹೋದರು. ಅಲ್ಲಿ ಉಳಿದ ಪದರದ ಒಂದು ತುಣುಕು ಇತ್ತು, ಅದರ ಮೇಲೆ ಒಂದು ಸಣ್ಣ ಪಾಲಿಪ್, ಅಂದರೆ ಪದರದಿಂದ ಬೆಳೆದ ಪುಟ್ಟ ಗಂಟು. ತೆಗೆದು ಲ್ಯಾಬಿಗೆ ಕಳಿಸಿದರು. ಎಂಟು ದಿನಕ್ಕೆ ಕ್ಯಾನ್ಸರ್ ಅಲ್ಲ ಅಂತ ರಿಪೋರ್ಟ್ ಬಂತು. ತಂಗಿ ಅದನ್ನು ಜೋರಾಗಿ ಓದಿ, ಮತ್ತೊಂದು ಸಲ ಓದಿದಳು.

ಈಗ ನನ್ನ ಫೈಲಿನ ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಬರೆದು ಅಂಟಿಸಿದ್ದೇನೆ. ಬೇಕಾದವರು ನಿಮ್ಮ ವಿವರ ಹಾಕಿ ಇದನ್ನೇ ಬರೆದಿಟ್ಟುಕೊಳ್ಳಿ, ಒಂದು ಫೋಟೋ ಮೊಬೈಲಿನಲ್ಲೂ ಇರಲಿ, ಮನೆಯಲ್ಲಿ ಇನ್ನೊಬ್ಬರಿಗೂ ಕಳಿಸಿ:

"ಗರ್ಭಕೋಶ ಇದೆ. 44ನೇ ವಯಸ್ಸಿನಲ್ಲಿ ಒಳಪದರದ ಅಬ್ಲೇಷನ್, ಬಲೂನ್ ವಿಧಾನ. ಗರ್ಭಕೋಶದ ಬಾಯಿ ಒಳಗಡೆ ಮುಚ್ಚಿಕೊಂಡಿತ್ತು, ಬಿಡಿಸಿದ್ದಾರೆ. ಎಡ ಮೂಲೆಯಲ್ಲಿ ಪದರ ಉಳಿದಿದೆ. ಪ್ರೊಜೆಸ್ಟೋಜನ್ ಇಲ್ಲದೆ ಈಸ್ಟ್ರೋಜನ್ ಕೊಡಬಾರದು. ರಕ್ತ ಕಂಡರೆ ಸ್ಕ್ಯಾನ್ ಒಂದೇ ಸಾಲದು."